‘ಕೈಲಿ ಒಂದು’ ಅಂತೀವಲ್ಲ, ಕೈಲಿ ನಿಜವಾಗ್ಲೂ ಏನಿದೆ? ಒಂದನೇ ಕ್ಲಾಸಿನ ಗಣಿತ, ಹುಣಸೆ ಬೀಜ ಮತ್ತು ಕಿವಿ

ಪ್ರತಿ ವರ್ಷ ಜುಲೈ ಬಂತು ಅಂದ್ರೆ ಸ್ಕೂಲ್ ಗೇಟ್ ಹತ್ರ ಒಬ್ರಾದ್ರೂ ತಾಯಿ ನನ್ನ ನಿಲ್ಸಿ ಇದೇ ಪ್ರಶ್ನೆ ಕೇಳ್ತಾರೆ. "ಮೇಡಂ, ಸ್ಕೂಲ್ ಶುರುವಾಗಿ ಒಂದು ತಿಂಗಳಾಯ್ತು, ಮಗು ಬುಕ್ಕಲ್ಲಿ ಒಂದು ಲೆಕ್ಕನೂ ಇಲ್ಲ, ಏನ್ ಮಾಡಿದ್ರಿ ಅಂತ ಕೇಳಿದ್ರೆ ಹುಣಸೆ ಬೀಜ ಆಡಿದ್ವಿ, ಆಮೇಲೆ ಕಣ್ಮುಚ್ಕೊಂಡು ಸದ್ದು ಕೇಳಿದ್ವಿ ಅಂತಾಳೆ, ಇದೇನಾ ಪಾಠ?" ಪ್ರಶ್ನೆ ನ್ಯಾಯವಾದದ್ದೇ. ನಾವು ಓದ್ಬೇಕಾದ್ರೆ ಸ್ಲೇಟು, ಬಳಪ, ಮಗ್ಗಿ ಬಿಟ್ರೆ ಬೇರೆ ಏನೂ ಇರ್ಲಿಲ್ಲ, ಹಂಗಾಗಿ ಖಾಲಿ ನೋಟ್‌ಬುಕ್ ನೋಡಿದ್ರೆ ಎದೆ ಧಸಕ್ ಅನ್ನತ್ತೆ. ಗೇಟ್ ಹತ್ರ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸೋಕೆ ಆಗಲ್ಲ, ಅದಕ್ಕೆ ಇಲ್ಲಿ ಕೂತು ನಿಧಾನಕ್ಕೆ ಬರೀತಿದೀನಿ.

ಈ ಬೀಜ, ಕಡ್ಡಿ ಗಣಿತ ಈಗ್ಯಾಕೆ ಇಷ್ಟೊಂದು ಕೇಳ್ಬರ್ತಿದೆ

2021ರ ಜುಲೈ 5ಕ್ಕೆ ಕೇಂದ್ರ ಸರ್ಕಾರ ‘ನಿಪುಣ್ ಭಾರತ್’ ಅನ್ನೋ ಕಾರ್ಯಕ್ರಮ ಶುರು ಮಾಡ್ತು. ಅದರ ಗುರಿ ಸಿಂಪಲ್, 2026-27ರ ಹೊತ್ತಿಗೆ ಮೂರನೇ ಕ್ಲಾಸ್ ಮುಗಿಸೋ ಪ್ರತಿ ಮಗುಗೂ ಅರ್ಥ ಮಾಡ್ಕೊಂಡು ಓದೋಕೆ ಬರ್ಬೇಕು, ಸಂಖ್ಯೆಗಳ ಜೊತೆ ವ್ಯವಹಾರ ಮಾಡೋಕೆ ಬರ್ಬೇಕು. ಇದಕ್ಕೆ ‘ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ’ ಅಂತ ಹೆಸರು, ಮೀಟಿಂಗಲ್ಲಿ ನಾವು ಎಫ್‌ಎಲ್‌ಎನ್ ಅಂತೀವಿ. ಲೆಕ್ಕದಲ್ಲಿ ಒಂದನೇ ಕ್ಲಾಸಿಗೆ 99ರವರೆಗೆ, ಎರಡನೇ ಕ್ಲಾಸಿಗೆ 999ರವರೆಗೆ, ಮೂರನೇ ಕ್ಲಾಸಿಗೆ 9999ರವರೆಗೆ ಸಂಖ್ಯೆ ಓದಿ ಬರೀಬೇಕು ಅಂತ ಮಟ್ಟ ಹಾಕಿದಾರೆ.

ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದಾರೆ ಅಂದ್ರೆ, ಎಎಸ್‌ಇಆರ್ ಅನ್ನೋ ಸರ್ವೆ ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳನ್ನ ಕೂರಿಸ್ಕೊಂಡು ಲೆಕ್ಕ ಕೇಳತ್ತೆ, 2024ರಲ್ಲಿ ದೇಶದ ಹಳ್ಳಿಗಳ ಮೂರನೇ ಕ್ಲಾಸ್ ಮಕ್ಕಳಲ್ಲಿ ಕಳೆಯೋ ಲೆಕ್ಕ ಮಾಡೋಕೆ ಬಂದಿದ್ದು 33.7 ಪರ್ಸೆಂಟ್ ಮಕ್ಕಳಿಗೆ ಮಾತ್ರ. ಅಂದ್ರೆ ಮೂರು ಮಕ್ಕಳಲ್ಲಿ ಒಬ್ರಿಗೆ. ಈ ಮಕ್ಕಳೆಲ್ಲ ಎರಡು ಮೂರು ವರ್ಷ ನೋಟ್‌ಬುಕ್ ತುಂಬಿಸಿದವರೇ, ಬರೆದಿಲ್ಲ ಅಂತೇನಿಲ್ಲ.

ಹೀಗೆ ಮುಟ್ಟಿ, ಆಡಿ ಕಲಿಯೋದು ನಮ್ಮ ಕರ್ನಾಟಕಕ್ಕೆ ಹೊಸ ವಿಷಯ ಅಲ್ಲ. 1995ರಲ್ಲೇ ಮೈಸೂರು ಜಿಲ್ಲೆ ಎಚ್.ಡಿ.ಕೋಟೆಯಲ್ಲಿ ಯುನಿಸೆಫ್ ಸಹಾಯದಿಂದ ‘ನಲಿ-ಕಲಿ’ ಶುರುವಾಯ್ತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡ್ಕೊಂಡು ಬಂದು, ನಮ್ಮ ಮಕ್ಕಳಿಗೆ ಹೊಂದೋ ಹಾಗೆ ಕಾರ್ಡು, ಕಲಿಕಾ ಏಣಿ (ಯಾವುದಾದ್ಮೇಲೆ ಯಾವುದು ಕಲೀಬೇಕು ಅಂತ ತೋರಿಸೋ ಚಾರ್ಟು), ಹಾಡು, ಆಟ ಎಲ್ಲ ತಾವೇ ಕೂತು ಮಾಡಿದ್ರು. 2009-10ರಿಂದ ಅದು ರಾಜ್ಯದ ಎಲ್ಲಾ ಕಡೆ ಸರ್ಕಾರಿ ಶಾಲೆಗಳಿಗೆ ಬಂತು. ನಲಿ-ಕಲಿ ರೂಮಲ್ಲಿ ಮಕ್ಕಳು ನೆಲದ ಮೇಲೆ ತಟ್ಟೆಗಳಲ್ಲಿ ಕೂರ್ತಾರೆ (ಊಟದ ತಟ್ಟೆ ಅಲ್ಲ, ಗುಂಪಿಗೆ ನಾವು ತಟ್ಟೆ ಅಂತೀವಿ), ತಲೆ ಮೇಲೆ ಚಪ್ಪರದಲ್ಲಿ ಅವ್ರು ಬಿಡಿಸಿದ ಚಿತ್ರ ತೂಗಾಡ್ತಿರತ್ತೆ, ಗೋಡೆ ಕೆಳಗೆ ಅವ್ರ ಕೈಗೆ ಎಟುಕೋ ಹಾಗೆ ಕಪ್ಪು ಹಲಗೆ ಇರತ್ತೆ.

ನೂರರವರೆಗೆ ಹೇಳ್ತಾನೆ, ಆದ್ರೆ ಎಣಿಸೋಕೆ ಬರತ್ತಾ?

"ನಮ್ಮ ಹುಡ್ಗ ನೂರರವರೆಗೆ ಹೇಳ್ತಾನೆ ಮೇಡಂ" ಅಂತ ತುಂಬಾ ಜನ ಖುಷಿಯಿಂದ ಹೇಳ್ತಾರೆ. ಹೇಳೋದು ಬೇರೆ, ಎಣಿಸೋದು ಬೇರೆ. ಹೇಳೋದು ಅಂದ್ರೆ ಹಾಡು ಬಾಯಿಪಾಠ ಮಾಡಿದ ಹಾಗೆ. ಎಣಿಸೋದ್ರಲ್ಲಿ ಮೂರು ಕೆಲಸ ಒಟ್ಟಿಗೆ ನಡೀಬೇಕು. ಸಂಖ್ಯೆಗಳ ಹೆಸರು ಯಾವಾಗ್ಲೂ ಅದೇ ವರಸೆಯಲ್ಲಿ ಬರ್ಬೇಕು, ಒಂದು ವಸ್ತುಗೆ ಒಂದೇ ಹೆಸರು ಬೀಳ್ಬೇಕು (ಬೆರಳು ಒಂದು ಬೀಜ ಮುಟ್ಟುವಷ್ಟರಲ್ಲಿ ಬಾಯಿ ಎರಡು ಸಂಖ್ಯೆ ಹೇಳ್ಬಿಡತ್ತೆ, ಇದು ದಿನಾ ನೋಡೋದು), ಮತ್ತೆ ಕೊನೇಲಿ ಹೇಳಿದ ಸಂಖ್ಯೆನೇ ಒಟ್ಟು ಎಷ್ಟು ಅನ್ನೋದಕ್ಕೆ ಉತ್ತರ ಅಂತ ಗೊತ್ತಿರ್ಬೇಕು.

ಈ ಮೂರನೇದೇ ಕಷ್ಟದ್ದು. ಮಗು ಮುಂದೆ ಏಳು ಹುಣಸೆ ಬೀಜ ಇಡಿ. ಒಂದು, ಎರಡು, ಮೂರು ಅಂತ ಏಳರವರೆಗೆ ಚೆನ್ನಾಗೇ ಎಣಿಸತ್ತೆ. ತಕ್ಷಣ "ಹಂಗಾದ್ರೆ ಎಷ್ಟಿದೆ ಪುಟ್ಟಿ?" ಅಂತ ಕೇಳಿ. ತುಂಬಾ ಮಕ್ಕಳು ಮತ್ತೆ ಮೊದಲಿಂದ ಎಣಿಸ್ತಾರೆ. ಅವ್ರಿಗೆ ‘ಏಳು’ ಅನ್ನೋದು ಕೊನೆ ಬೀಜದ ಹೆಸರು, ಎಲ್ಲಾ ಬೀಜದ ಮೊತ್ತ ಅಲ್ಲ. ಅದೇ ಏಳು ಬೀಜನ ದೂರ ದೂರ ಹರಡಿ "ಈಗ ಜಾಸ್ತಿ ಆಯ್ತಾ?" ಅಂದ್ರೆ ಹೌದು ಅನ್ನೋ ಮಕ್ಕಳೂ ಇದಾರೆ. ಇದು ದಡ್ಡತನ ಅಲ್ವೇ ಅಲ್ಲ, ಆ ವಯಸ್ಸಲ್ಲಿ ಕಣ್ಣಿಗೆ ಉದ್ದ ಕಂಡಿದ್ದು ಜಾಸ್ತಿ ಅನ್ಸೋದು ಸಹಜ. ಬೀಜ ಮುಟ್ಟಿ, ಸರಿಸಿ, ಕೂಡಿಸಿ, ಮತ್ತೆ ಹರಡಿ, ನೂರು ಸಲ ಮಾಡಿದ್ಮೇಲೆ ಏಳು ಅಂದ್ರೆ ಏಳೇ ಅನ್ನೋದು ಒಳಗೆ ಕೂರತ್ತೆ. ಬುಕ್ಕಲ್ಲಿ 7 ಅಂತ ಹತ್ತು ಸಾಲು ಬರ್ಸಿದ್ರೆ ಕೈಬರಹ ಸುಧಾರಿಸತ್ತೆ, ಇದು ಬರಲ್ಲ.

ವಸ್ತು, ಚಿತ್ರ, ಆಮೇಲೆ ಅಂಕಿ

ಮಗುಗೆ ಮಾವಿನಹಣ್ಣು ಅನ್ನೋ ಪದ ಕಲಿಸ್ಬೇಕಾದ್ರೆ ಮೊದಲು ಹಣ್ಣು ಕೊಡ್ತೀವಿ, ಆಮೇಲೆ ಚಿತ್ರ ತೋರಿಸ್ತೀವಿ, ಅಕ್ಷರ ಬರೋದು ಎಷ್ಟೋ ಆದ್ಮೇಲೆ. ಸಂಖ್ಯೆಗೂ ಇದೇ ದಾರಿ. ಜೆರೋಮ್ ಬ್ರೂನರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲೇ ಇದನ್ನ ಮೂರು ಮೆಟ್ಟಿಲು ಅಂತ ವಿವರಿಸಿದ್ರು, ಕೈಯಿಂದ ಮಾಡೋದು, ಚಿತ್ರವಾಗಿ ನೋಡೋದು, ಚಿಹ್ನೆಯಾಗಿ ಬಳಸೋದು. ಅದಕ್ಕೂ ಮುಂಚೆನೇ ಮರಿಯಾ ಮಾಂಟೆಸರಿ ಮಣಿಗಳಿಂದ ಹತ್ತು, ನೂರು, ಸಾವಿರ ಕಲಿಸ್ತಿದ್ರು, ಅವ್ರು 1939ರಲ್ಲಿ ಭಾರತಕ್ಕೆ ಬಂದು ಎರಡನೇ ಮಹಾಯುದ್ಧದ ವರ್ಷಗಳೆಲ್ಲ ಇಲ್ಲೇ ಇದ್ದು ನಮ್ಮ ಟೀಚರ್‌ಗಳಿಗೆ ತರಬೇತಿ ಕೊಟ್ರು.

ನಮಗೆ ದುಬಾರಿ ಸಾಮಾನು ಬೇಕಿಲ್ಲ. ಹುಣಸೆ ಬೀಜ, ಕಡ್ಡಿ, ರಬ್ಬರ್ ಬ್ಯಾಂಡ್, ಹಳೇ ಕ್ಯಾಲೆಂಡರ್, ಬಾಟ್ಲಿ ಮುಚ್ಚಳ ಸಾಕು. ನೂರು ಮಣಿ ಪೋಣಿಸಿ ಹತ್ತತ್ತಕ್ಕೆ ಬಣ್ಣ ಬದಲಾಯಿಸಿದ್ರೆ ಒಂದು ಮಣಿಸರ ಆಯ್ತು, 37 ತೋರಿಸು ಅಂದ್ರೆ ಮಗು ಮೂರು ಬಣ್ಣ ಹಾರಿ ಏಳು ಮಣಿ ಎಣಿಸತ್ತೆ.

‘ಕೈಲಿ ಒಂದು’: ಇಡೀ ವಿಷಯ ಇರೋದೇ ಇಲ್ಲಿ

ನಾವೆಲ್ಲ ಕಲಿತಿದ್ದು ಹೀಗೆ, 27ಕ್ಕೆ 15 ಕೂಡು. ಏಳು ಐದು ಹನ್ನೆರಡು, ಎರಡು ಬರಿ, ಕೈಲಿ ಒಂದು. ನಾನು ಮೂರನೇ ಕ್ಲಾಸಲ್ಲಿದ್ದಾಗ ನಿಜವಾಗ್ಲೂ ಕೈ ನೋಡ್ಕೊಂಡಿದ್ದೆ. ಕೈಲಿ ಏನೂ ಇರ್ಲಿಲ್ಲ. ಆ ಒಂದು ಎಲ್ಲಿಂದ ಬಂತು, ಯಾಕೆ ಆ ಕಡೆ ಹೋಗಿ ಕೂತ್ಕೊಂಡ್ತು ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ, ಉತ್ತರ ಸರಿ ಬಂದ್ರೆ ಸಾಕಿತ್ತು.

ಈಗ ಅದೇ ಲೆಕ್ಕ ಕಡ್ಡಿಯಲ್ಲಿ ಮಾಡೋಣ. ಹತ್ತು ಕಡ್ಡಿ ಸೇರಿದ್ರೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಕಟ್ಟು ಮಾಡ್ಬೇಕು, ರೂಲ್ ಇದೊಂದೇ. 27 ಅಂದ್ರೆ ಎರಡು ಕಟ್ಟು, ಏಳು ಬಿಡಿ. 15 ಅಂದ್ರೆ ಒಂದು ಕಟ್ಟು, ಐದು ಬಿಡಿ. ಬಿಡಿ ಕಡ್ಡಿ ಎಲ್ಲ ಸೇರ್ಸಿದ್ರೆ ಹನ್ನೆರಡಾಯ್ತು, ಹತ್ತು ಮೀರ್ತು, ಹಂಗಾಗಿ ಹತ್ತು ಎತ್ಕೊಂಡು ಕಟ್ಟು ಹಾಕ್ತಾರೆ, ಎರಡು ಬಿಡಿ ಉಳೀತು. ಆ ಹೊಸ ಕಟ್ಟು ಈಗ ಮಗು ಕೈಲಿದೆ! ನಿಜವಾಗ್ಲೂ ಕೈಲಿ ಒಂದು, ಆದ್ರೆ ಒಂದು ಕಡ್ಡಿ ಅಲ್ಲ, ಒಂದು ಕಟ್ಟು. ಅದನ್ನ ಎಲ್ಲಿಡ್ಬೇಕು ಅಂತ ಯಾರೂ ಹೇಳ್ಕೊಡೋದೇ ಬೇಡ, ಕಟ್ಟುಗಳ ಜೊತೆಗೇ ಇಡ್ತಾರೆ. ನಾಲ್ಕು ಕಟ್ಟು ಎರಡು ಬಿಡಿ, 42.

ಕಳೆಯೋದಂತೂ ಇನ್ನೂ ಚೆಂದ. 32ರಲ್ಲಿ 17 ಕಳಿ. ಬಾಯಿಪಾಠದ ಮಕ್ಕಳು ಏನ್ ಮಾಡ್ತಾರೆ ಅಂದ್ರೆ ಎರಡರಲ್ಲಿ ಏಳು ಹೋಗಲ್ಲ ಅಂತ ತಿರುಗಿಸಿ ಏಳರಲ್ಲಿ ಎರಡು ಕಳೆದು ಐದು ಬರೀತಾರೆ, ಮೂರರಲ್ಲಿ ಒಂದು ಹೋದ್ರೆ ಎರಡು, ಉತ್ತರ 25. ಪ್ರತಿ ವರ್ಷ ಇದೇ ತಪ್ಪು, ಯಾವ ಸ್ಕೂಲಿಗೆ ಬೇಕಾದ್ರೂ ಹೋಗಿ ನೋಡಿ. ಅದೇ ಮಗು ಮುಂದೆ ಮೂರು ಕಟ್ಟು ಎರಡು ಕಡ್ಡಿ ಇಟ್ಟು "ನನಗೆ ಹದಿನೇಳು ಕಡ್ಡಿ ಕೊಡು" ಅನ್ನಿ. ಒಂದು ಕಟ್ಟು ಕೊಡತ್ತೆ, ಆಮೇಲೆ ಏಳು ಬಿಡಿ ಕೊಡೋಕೆ ಹೋದ್ರೆ ಎರಡೇ ಇದೆ. ಸ್ವಲ್ಪ ಹೊತ್ತು ಸುಮ್ನೆ ಕೂರತ್ತೆ, ನಮ್ಮ ಮುಖ ನೋಡತ್ತೆ. ಆಗ ನಾವು ಬಾಯಿ ಮುಚ್ಕೊಂಡಿರ್ಬೇಕು, ಟೀಚರ್‌ಗೆ ಅದೇ ಕಷ್ಟದ ಕೆಲಸ. ಕೊನೆಗೆ ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚತ್ತೆ. ಹತ್ತು ಕಡ್ಡಿ ಚೆಲ್ಲಿ ಬೀಳತ್ತೆ, ಮೊದಲಿದ್ದ ಎರಡಕ್ಕೆ ಈ ಹತ್ತು ಸೇರಿ ಹನ್ನೆರಡಾಯ್ತು, ಏಳು ಎಣಿಸಿ ಕೊಡತ್ತೆ. ಉಳಿದಿದ್ದು ಒಂದು ಕಟ್ಟು ಐದು ಬಿಡಿ, 15. ನಾವು ‘ಪಕ್ಕದ ಮನೆಯಿಂದ ಸಾಲ ತಗೊಳೋದು’ ಅಂತ ಹೇಳ್ಕೊಡ್ತಿದ್ವಲ್ಲ, ಅದು ಸಾಲನೂ ಅಲ್ಲ ಏನೂ ಅಲ್ಲ, ನೂರರ ನೋಟಿಗೆ ಚಿಲ್ಲರೆ ಮಾಡಿಸಿದ ಹಾಗೆ, ದುಡ್ಡು ಅಷ್ಟೇ ಇರತ್ತೆ, ರೂಪ ಬದಲಾಗಿರತ್ತೆ.

ಇನ್ನು ಕಿವಿ ವಿಷ್ಯ

ಕನ್ನಡದಲ್ಲಿ ಎರಡು ಪದ ಇದೆ, ಕೇಳಿಸೋದು ಮತ್ತು ಆಲಿಸೋದು. ಮಿಕ್ಸಿ ಸದ್ದು ಕೇಳಿಸತ್ತೆ, ಅಜ್ಜಿ ಕಥೆ ಆಲಿಸ್ತೀವಿ. ಭಾಷೆ ಕಲಿಯೋದ್ರಲ್ಲಿ ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಅಂತ ನಾಲ್ಕು ಹೇಳ್ತಾರೆ, ಅದರಲ್ಲಿ ಮೊದಲನೇದು ಆಲಿಸೋದೇ, ಆದ್ರೆ ಕ್ಲಾಸಲ್ಲಿ ಅದನ್ನ ಕಲಿಸೋದೇ ಕಡಿಮೆ, "ಸುಮ್ನೆ ಕೂತ್ಕೊಂಡು ಕೇಳಿ" ಅಂತ ಗದರಿಸ್ತೀವಿ ಅಷ್ಟೇ.

ಕ್ರಿಯೇಟಿವ್ ಆಗಿ ಆಲಿಸೋದು ಅಂದ್ರೆ ಮಗು ಕೇಳಿದ್ದನ್ನ ತಲೇಲಿ ಏನೋ ಮಾಡ್ಬೇಕು, ಚಿತ್ರ ಕಟ್ಬೇಕು, ಮುಂದೇನು ಅಂತ ಊಹಿಸ್ಬೇಕು, ಮೈಯಲ್ಲಿ ತೋರಿಸ್ಬೇಕು. ನಿಮ್ಮ ಮಗು ಹೇಳ್ತಲ್ಲ ಕಣ್ಮುಚ್ಕೊಂಡು ಕೂತಿದ್ವಿ ಅಂತ, ಅದು ಒಂದು ನಿಮಿಷದ ಆಟ. ಕಣ್ಮುಚ್ಚಿ, ಏನೇನು ಸದ್ದು ಕೇಳ್ತು ಹೇಳಿ. ಮೊದಲ ದಿನ "ಬಸ್ಸು" ಅಂತಾರೆ ಅಷ್ಟೇ. ಒಂದು ವಾರ ಆದ್ಮೇಲೆ ಬಿಸಿಯೂಟದ ಕೋಣೆಯಲ್ಲಿ ಒಗ್ಗರಣೆ ಚುಂಯ್ ಅಂದಿದ್ದು, ಫ್ಯಾನ್ ಕಿರ್ ಅನ್ನೋದು, ಪಕ್ಕದವಳ ಬಳೆ, ಯಾವುದು ಹತ್ತಿರ ಯಾವುದು ದೂರ, ಯಾವುದು ಮೊದಲು ಬಂತು, ಎಲ್ಲ ಹೇಳ್ತಾರೆ. ಮೊದಲು, ಆಮೇಲೆ, ಹತ್ತಿರ, ದೂರ, ಎಷ್ಟು ಸಲ, ಇವೆಲ್ಲ ಗಣಿತದ ಪದಗಳೇ ಅಲ್ವಾ.

ಅಲ್ಲಿಂದ ಸೀದಾ ಲೆಕ್ಕಕ್ಕೆ ಬರ್ಬಹುದು. ಒಂದು ತಗಡಿನ ಡಬ್ಬಿ ತಗೊಂಡು ಅದರೊಳಗೆ ಒಂದೊಂದೇ ಬೀಜ ಟಣ್ ಟಣ್ ಅಂತ ಹಾಕ್ತೀನಿ, ಮಕ್ಕಳು ಕಣ್ಮುಚ್ಚಿ ಮನಸ್ಸಲ್ಲೇ ಎಣಿಸ್ತಾರೆ. ಬೆರಳಿಟ್ಟು ಮುಟ್ಟೋಕೆ ಇಲ್ಲಿ ಏನೂ ಇಲ್ಲ, ಸದ್ದು ಬಂತು ಹೋಯ್ತು, ಹಂಗಾಗಿ ಲೆಕ್ಕನ ತಲೇಲೇ ಹಿಡ್ಕೋಬೇಕು. ಐದು ಹಾಕಿದ್ಮೇಲೆ ನಿಲ್ಸಿ "ಡಬ್ಬಿಲಿ ಈಗ ಐದಿದೆ, ಇನ್ನೂ ಹಾಕ್ತೀನಿ ಕೇಳಿ" ಅಂತ ಟಣ್ ಟಣ್ ಟಣ್. ಮೊದಲಿಂದ ಎಣಿಸದೆ ಐದರಿಂದ ಮುಂದೆ ಆರು, ಏಳು, ಎಂಟು ಅಂತ ಹೋದ್ರೆ ಮಗು ಕೂಡೋದು ಕಲಿತು ಅಂತಾನೇ ಅರ್ಥ. ಸ್ವಲ್ಪ ದೊಡ್ಡ ಮಕ್ಕಳಿಗೆ ಡೆಸ್ಕ್ ಮೇಲೆ ಒಂದು ಗುದ್ದು ಅಂದ್ರೆ ಹತ್ತು, ಒಂದು ಚಪ್ಪಾಳೆ ಅಂದ್ರೆ ಒಂದು. ಧಂ ಧಂ, ಚಪ್ ಚಪ್ ಚಪ್. 23! ಇದು ಕಡ್ಡಿ ಕಟ್ಟಿನದೇ ಆಟ, ಕಿವಿಯಲ್ಲಿ.

ಬರೀ ಕಿವಿಯಿಂದ ಗಣಿತ ಕಲಿಸೋ ಪ್ರಯತ್ನ ದೊಡ್ಡ ಮಟ್ಟದಲ್ಲೂ ನಡೆದಿದೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯವರು ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಪ್ರೈಮರಿ ಮಕ್ಕಳಿಗೆ ರೇಡಿಯೋದಲ್ಲಿ ಗಣಿತ ಪಾಠ ಮಾಡಿದ್ರು, ರೇಡಿಯೋ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ನಿರತ್ತೆ, ಮಕ್ಕಳು ಜೋರಾಗಿ ಉತ್ತರ ಹೇಳ್ತಾರೆ, ಆಮೇಲೆ ರೇಡಿಯೋ ಸರಿ ಉತ್ತರ ಹೇಳತ್ತೆ. ನಮ್ಮಲ್ಲೂ ಆಕಾಶವಾಣಿಯಲ್ಲಿ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಬರ್ತಿತ್ತು, ಮೇಜಿನ ಮೇಲೆ ರೇಡಿಯೋ ಇಟ್ಟು ಇಡೀ ಕ್ಲಾಸ್ ಕಿವಿ ನಿಮಿರಿಸ್ಕೊಂಡು ಕೂತಿದ್ದು ಎಷ್ಟೋ ಜನಕ್ಕೆ ನೆನಪಿರ್ಬಹುದು.

ಕನ್ನಡದ ಸಂಖ್ಯೆಗಳು ತಾವೇ ಪಾಠ ಹೇಳ್ತಾವೆ

ಇದು ನನಗೆ ತುಂಬಾ ಇಷ್ಟದ ವಿಷಯ. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು ಜೋರಾಗಿ ಹೇಳಿ ನೋಡಿ. ಎಲ್ಲದ್ರ ಬಾಲದಲ್ಲೂ ‘ಅತ್ತು’ ಕೇಳಿಸತ್ತೆ. ಅದು ನಮ್ಮ ‘ಹತ್ತು’, ಹಳಗನ್ನಡದಲ್ಲಿ ‘ಪತ್ತು’ ಅಂತಿದ್ರು. ತಲೇಲಿ ಇರೋದು ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು. ಅಂದ್ರೆ ಐವತ್ತು ಅಂದಾಗೆಲ್ಲ ನಾವು ‘ಐದು ಹತ್ತು’ ಅಂತಾನೇ ಹೇಳ್ತಿದೀವಿ, ಐದು ಕಟ್ಟು! ಹದಿಮೂರು ಅಂದ್ರೆ ಹತ್ತು ಮೂರು, ಇಪ್ಪತ್ನಾಲ್ಕು ಅಂದ್ರೆ ಇಪ್ಪತ್ತು ನಾಲ್ಕು, ಹೇಳೋ ವರಸೆನೂ ಬರೆಯೋ ವರಸೆನೂ ಒಂದೇ. ಇಂಗ್ಲಿಷಿನ ಫೋರ್ಟೀನ್‌ನಲ್ಲಿ ನಾಲ್ಕು ಮೊದಲು ಕೇಳಿಸತ್ತೆ, ಅದಕ್ಕೆ 14 ಬರಿ ಅಂದ್ರೆ 41 ಬರೆಯೋ ಮಕ್ಕಳಿದಾರೆ, ಇಲೆವೆನ್ ಟ್ವೆಲ್ವ್‌ನಲ್ಲಂತೂ ಹತ್ತು ಕೇಳಿಸೋದೇ ಇಲ್ಲ, ಥರ್ಟೀನ್ ಥರ್ಟಿ ಎರಡೂ ಕಿವಿಗೆ ಒಂದೇ ಥರ. ಹಿಂದಿಯ ಉನ್ತೀಸ್ ಅಂದ್ರೆ ಮೂವತ್ತಕ್ಕೆ ಒಂದು ಕಮ್ಮಿ.

ಕನ್ನಡದಲ್ಲೂ ತೊಡಕು ಇಲ್ಲ ಅಂತಲ್ಲ. ಒಂಬತ್ತು, ತೊಂಬತ್ತು ಎರಡೂ ಕಿವಿಗೆ ಒಂದೇ ಥರ ಬೀಳತ್ತೆ, ಹತ್ತೊಂಬತ್ತು ಬೇರೆ ಸೇರ್ಕೊಂಡ್ರೆ ಕೇಳೋದೇ ಬೇಡ, ಅಲ್ಲಿ ನಿಧಾನಕ್ಕೆ ಕೇಳಿಸ್ಕೊಂಡು ಕಡ್ಡಿ ಇಡೋ ಆಟ ಜಾಸ್ತಿ ಆಡಿಸ್ಬೇಕಾಗತ್ತೆ.

2019ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮೀಡಿಯಂ ವಿಭಾಗಗಳು ಶುರುವಾಗಿವೆ, ಮೊದಲ ವರ್ಷ ಒಂದು ಸಾವಿರ ಶಾಲೆಗಳಲ್ಲಿ. ಅಲ್ಲಿರೋ ಮಕ್ಕಳಿಗೂ ಮನೆ ಭಾಷೆಯ ಸಂಖ್ಯೆ ಮೊದಲು ಕಿವಿಗೆ ಬಿದ್ರೆ ಅರ್ಧ ಕೆಲಸ ಆದ ಹಾಗೆ. ಮಂಗಳೂರು ಕಡೆ ಮಗು ಒಂಜಿ, ರಡ್ಡ್, ಮೂಜಿ ಅಂತ ತುಳುವಲ್ಲಿ ಎಣಿಸಿದ್ರೆ ತಪ್ಪು ಅಂತ ತಡೀಬಾರ್ದು, ಬೀಜ ಅದೇ, ಲೆಕ್ಕ ಅದೇ.

ಕಥೆ ಕೇಳ್ತಾ ಬೀಜ ಸರಿಸೋದು

ಕೈ, ಕಿವಿ ಎರಡೂ ಸೇರೋ ಆಟ ಇದು. ಎಲ್ರ ಮುಂದೆ ಇಪ್ಪತ್ತು ಬೀಜ, ನಾನು ಕಥೆ ಹೇಳ್ತೀನಿ. "ಸಂತೆಗೆ ಬಸ್ಸು ಹೊರಟ್ತು, ಒಳಗೆ ಆರು ಜನ ಇದ್ರು. ಆಲದ ಮರದ ಸ್ಟಾಪಲ್ಲಿ ಮೂರು ಜನ ಹತ್ತಿದ್ರು, ಒಬ್ಬಜ್ಜಿ ಕೈಲಿ ಎರಡು ಕೋಳಿ. ಮುಂದೆ ಸೇತುವೆ ಹತ್ರ ನಾಲ್ಕು ಜನ ಇಳಿದ್ರು." ಮಕ್ಕಳು ಬೀಜ ಸರಿಸ್ತಾ ಕೇಳ್ತಾರೆ, ಬೋರ್ಡಲ್ಲಿ ಏನೂ ಬರೆದಿರಲ್ಲ. ಕೋಳಿಗೂ ಬೀಜ ಇಟ್ಟವರು ಇರ್ತಾರೆ, ಆಗ ಜಗಳ ಶುರು, ಕೋಳಿ ಜನ ಅಲ್ಲ ಅಂತ ಒಬ್ಬ, ಡ್ರೈವರ್ ಲೆಕ್ಕಕ್ಕೆ ಬರ್ತಾನಾ ಅಂತ ಇನ್ನೊಬ್ಬಳು. ಯಾವುದು ಲೆಕ್ಕಕ್ಕೆ ಬೇಕು ಯಾವುದು ಬೇಡ ಅಂತ ಆರಿಸೋದನ್ನ ಆ ಜಗಳದಲ್ಲೇ ಕಲೀತಾರೆ. ಆಮೇಲೆ ಅವ್ರೇ ಕಥೆ ಹೇಳ್ಬೇಕು, ಉಳಿದವ್ರು ಬೀಜ ಸರಿಸ್ಬೇಕು.

ಇದರ ಲಾಭ ಮುಂದೆ ಬಾಯಿಲೆಕ್ಕ, ಹೇಳಿಕೆ ಲೆಕ್ಕ ಬಂದಾಗ ಗೊತ್ತಾಗತ್ತೆ. "ರಾಜು ಹತ್ರ 8 ಗೋಲಿ ಇದೆ, ಅದು ಗೌರಿಗಿಂತ 3 ಹೆಚ್ಚು, ಗೌರಿ ಹತ್ರ ಎಷ್ಟು?" ‘ಹೆಚ್ಚು’ ಅನ್ನೋ ಪದ ಕಂಡ ತಕ್ಷಣ ಕೂಡಿ 11 ಅಂತಾರೆ. ಪೂರ್ತಿ ಆಲಿಸಿ, ಯಾರ ಹತ್ರ ಹೆಚ್ಚು ಅಂತ ಮನಸ್ಸಲ್ಲಿ ನೋಡಿದ ಮಗು 5 ಅನ್ನತ್ತೆ.

ಎಷ್ಟು ದಿನ ಈ ಕಾಳು ಕಡ್ಡಿ?

ಜೀವನಪೂರ್ತಿ ಅಲ್ಲ. ಕಡ್ಡಿಯಲ್ಲಿ ಸಲೀಸಾಗಿ ಮಾಡೋ ಮಗು ಕಟ್ಟಿಗೆ ಒಂದು ಗೆರೆ, ಬಿಡಿಗೆ ಒಂದು ಚುಕ್ಕೆ ಅಂತ ಚಿತ್ರ ಬರೆಯೋಕೆ ಶುರು ಮಾಡತ್ತೆ, ಆಮೇಲೆ ಅದರ ಪಕ್ಕದಲ್ಲಿ ಅಂಕಿ, ಆಮೇಲೆ ಬರೀ ಅಂಕಿ. ಒಬ್ಬರಿಗೆ ಎರಡು ವಾರ, ಇನ್ನೊಬ್ಬರಿಗೆ ಎರಡು ತಿಂಗಳು. ಆದ್ರೆ ಒಂದು ಮಾತು, ಬರೀ ಸಾಮಾನು ಕೊಟ್ಟು ಆಡ್ಕೊಳ್ಳಿ ಅಂದ್ರೆ ಏನೂ ಆಗಲ್ಲ, ಮಕ್ಕಳು ಕಡ್ಡಿಯಲ್ಲಿ ಕತ್ತಿವರಸೆ ಆಡ್ತಾರೆ ಅಷ್ಟೇ. ಕೈ ಮಾಡಿದ್ದನ್ನ ಬಾಯಲ್ಲಿ ಹೇಳಿಸ್ಬೇಕು, "ಯಾಕೆ ಕಟ್ಟು ಬಿಚ್ಚಿದೆ?" ಅಂತ ಕೇಳ್ಬೇಕು, ಅದನ್ನ ಅಂಕಿಗೆ ಜೋಡಿಸ್ಬೇಕು. ಬೆರಳಲ್ಲಿ ಎಣಿಸಿದ್ರೂ ಬೈಬೇಡಿ. ನಮ್ಮ ಹಿರಿಯರು ಹೆಬ್ಬೆರಳಿಂದ ಉಳಿದ ನಾಲ್ಕು ಬೆರಳಿನ ಗೆಣ್ಣು ಮುಟ್ಕೊಂಡು ಒಂದೇ ಕೈಲಿ ಹನ್ನೆರಡು ಎಣಿಸ್ತಿದ್ರು, ಡಜನ್ ಲೆಕ್ಕ ಅಲ್ಲೇ ಮುಗೀತಿತ್ತು.

ಇನ್ನೊಂದು ವಿಷಯ ಮರೀಬಾರ್ದು. ಡಬ್ಬಿ ಆಟದಲ್ಲಿ ಒಂದು ಮಗು ಪದೇ ಪದೇ ತಪ್ಪು ಹೇಳಿದ್ರೆ, ಪಕ್ಕದವ್ರ ಬಾಯಿ ನೋಡಿ ಉತ್ತರ ಹೇಳಿದ್ರೆ, ಅದು ಗಮನ ಕೊಡ್ತಿಲ್ಲ ಅಂತ ತೀರ್ಮಾನ ಮಾಡ್ಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಕಿವಿ ಸೋರೋದು, ನೆಗಡಿ ಆದಾಗೆಲ್ಲ ಕಿವಿ ಕಟ್ಟೋದು ಚಿಕ್ಕ ಮಕ್ಕಳಲ್ಲಿ ಸಾಮಾನ್ಯ. ಸರ್ಕಾರಿ ಶಾಲೆಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ಡಾಕ್ಟರ್ ತಂಡ ಬರತ್ತಲ್ಲ, ಅವ್ರ ಹತ್ರ ಹೇಳಿದ್ರೆ ನೋಡ್ತಾರೆ.

ಮನೆಲಿ ಇವತ್ತೇ ಮಾಡ್ಬಹುದಾದದ್ದು

ಚೌಕಾಬಾರ ಗೊತ್ತಿದ್ರೆ ಹೊರಗೆ ತೆಗೀರಿ. ನಾಲ್ಕು ಕವಡೆ ಹಾಕಿದಾಗ ಎಷ್ಟು ಅಂಗಾತ ಬಿದ್ದಿದೆ ಅಂತ ಎಣಿಸದೆ ನೋಡಿ ಹೇಳೋದು, ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕೂ ಕವುಚಿ ಬಿದ್ರೆ ಬಾರ, ಎಂಟು ಮನೆ, ಅಷ್ಟು ಮನೆ ನಡೆಸಿದ್ರೆ ಎದುರಿನವ್ರ ಕಾಯಿ ಸಿಗತ್ತಾ ಅಂತ ಮುಂಚೆನೇ ಲೆಕ್ಕ ಹಾಕೋದು. ಅಳಗುಳಿ ಮನೆ ಇದ್ರೆ ಇನ್ನೂ ಒಳ್ಳೇದು. ರೊಟ್ಟಿ ತಟ್ಟುವಾಗ ತಟಪಟ ಸದ್ದು ಕೇಳಿ ಇದು ಎಷ್ಟನೇ ರೊಟ್ಟಿ ಅಂತ ರೂಮಿಂದಾನೇ ಹೇಳು ಅನ್ನಿ.

ಮಗು ನಿಜವಾಗ್ಲೂ ಎಲ್ಲಿದೆ ಅಂತ ತಿಳ್ಕೊಳೋಕೆ ಒಂದು ಚಿಕ್ಕ ಪರೀಕ್ಷೆ ಇದೆ, ಮಗುಗೆ ಪರೀಕ್ಷೆ ಅಂತ ಹೇಳ್ಬೇಡಿ. ಹದಿನಾರು ಕಡಲೆಕಾಯಿ ಬೀಜ ಇಡಿ, ಎಣಿಸೋಕೆ ಹೇಳಿ, 16 ಅಂತ ಬರೆಯೋಕೆ ಹೇಳಿ. ಈಗ ಆ 6ರ ಸುತ್ತ ಬೆರಳಾಡಿಸಿ "ಈ ಅಂಕಿ ಎಷ್ಟು ಬೀಜ, ತೋರಿಸು" ಅನ್ನಿ. ಆರು ಬೀಜ ತೋರಿಸತ್ತೆ. ಆಮೇಲೆ 1ರ ಮೇಲೆ ಬೆರಳಿಟ್ಟು "ಇದು?" ಅಂತ ಕೇಳಿ. ತುಂಬಾ ಮಕ್ಕಳು ಒಂದೇ ಒಂದು ಬೀಜ ತೋರಿಸ್ತಾರೆ, ಉಳಿದ ಒಂಬತ್ತು ಬೀಜ ಯಾಕೆ ಅಲ್ಲೇ ಉಳೀತು ಅಂತ ಕೇಳಿದ್ರೆ ಗೊತ್ತಿಲ್ಲ ಅಂತಾರೆ. ನಿಮ್ಮ ಮಗುನೂ ಒಂದೇ ತೋರಿಸಿದ್ರೆ ಬೈಬೇಡಿ, ಸರಿ ಉತ್ತರನೂ ಹೇಳ್ಬೇಡಿ. ಮಾರನೇ ದಿನ ಕೈಗೆ ಒಂದಿಷ್ಟು ಕಡ್ಡಿ, ಒಂದೆರಡು ರಬ್ಬರ್ ಬ್ಯಾಂಡ್ ಕೊಟ್ಟು, ಹದಿನಾರು ಅನ್ನೋದನ್ನ ನಿಧಾನಕ್ಕೆ, ಹ-ದಿ-ನಾ-ರು ಅಂತ ಬಿಡಿಸಿ ಹೇಳಿ, ಏನೇನು ಕೇಳಿಸ್ತು ಅಂತ ಕೇಳಿ ನೋಡಿ.